ನಿನ್ನ ತಪ್ಪು ಕದ್ದವಳು

ಹುಬ್ಬಿನ ಹುಡುಗಿಗೆ,

ತರಗತಿಯಲ್ಲಿ ಮೇಷ್ಟ್ರ ಎಡಗಡೆ ನಿಂತು ಅವರ ಪಾಠವನ್ನೆಲ್ಲ ಸನ್ನೆಯಲ್ಲಿ ಹೇಳುವ ಅಕ್ಕ ಬರೆಯುತ್ತಿರುವುದು.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ನಿನ್ನ ಕೈ ಸೇರುವುದು ಸೋಮವಾರದ ಮೀಟಿಂಗ್ ಮುಗಿದ ಮೇಲೆ. ಅವತ್ತು ಹೆಡ್‌ಮಿಸ್ ನಿನ್ನನ್ನೂ ನಿನ್ನ ಅಮ್ಮನನ್ನೂ ತಮ್ಮ ಕೋಣೆಗೆ ಕರೆಸಿ ಒಂದೇ ಪ್ರಶ್ನೆ ಕೇಳುತ್ತಾರೆ: ಈ ದುಭಾಷಿ ನಿನ್ನ ಜೊತೆ ಮುಂದುವರಿಯಬೇಕೋ, ಬೇಡವೋ? ಉತ್ತರ ಕೊಡುವ ಮುಂಚೆ ನೀನು ಇದನ್ನು ಓದಿದರೆ ಮನಸ್ಸು ಕರಗೀತು. ಕರಗಿಸುವ ಹಕ್ಕು ನನಗಿಲ್ಲ. ಅದಕ್ಕೇ ಶನಿವಾರವೇ ಕೂತು ಬರೆದು, ಲಕೋಟೆಗೆ ಅಂಟು ಹಚ್ಚಿ, ನನಗೆ ಸನ್ನೆ ಕಲಿಸಿದ ಗಡಿಯಾರ ಮೇಷ್ಟ್ರ ಕೈಗೆ ಕೊಡುತ್ತಿದ್ದೇನೆ. ನೀನು ಉತ್ತರ ಹೇಳಿ ಹೊರಗೆ ಬಂದ ಮೇಲೆ ಅವರು ನಿನಗೆ ಕೊಡುತ್ತಾರೆ.

ಉದ್ದುದ್ದ ಬರಹ ಕಂಡರೆ ನಿನಗಾಗದು, ಗೊತ್ತು. ಪುಸ್ತಕದಲ್ಲಿ ಮೂರು ಸಾಲಿನ ವಾಕ್ಯ ಬಂದರೆ ಅದರ ಬಾಲ ಹಿಡಿದು ಎಳೆಯುವ ಹಾಗೆ ಮಾಡುತ್ತೀಯ. ನಾನೋ ಹುಟ್ಟಾ ಬಾಯಿಬಡುಕಿ. ಸ್ವಲ್ಪ ಸಹಿಸಿಕೋ. ಅರ್ಥವಾಗದ ಕಡೆ ಗಡಿಯಾರ ಮೇಷ್ಟ್ರನ್ನೇ ಕೇಳು. ಲೆಕ್ಕದ ಪರೀಕ್ಷೆಯ ಪೇಪರ್ ಕೈಗೆ ಬಂದ ದಿನ ಮೆಟ್ಟಿಲ ಹತ್ತಿರ ನನಗೆ ಅಡ್ಡ ನಿಂತು ‘ಯಾಕೆ?’ ಎಂದು ಕೇಳಿದೆಯಲ್ಲ, ಅವತ್ತು ನನ್ನ ಕೈಗಳು ಮೇಲೇಳಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಬರುವ ಮುಂಚೆ ನಾನು ಹನ್ನೊಂದು ವರ್ಷ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನು ಎತ್ತುತ್ತಿದ್ದೆ. ನಲ್ಲಿಯಲ್ಲಿ ನೀರು ಬಾರದವರೆಲ್ಲ ಬೆಳಗಾದರೆ ನನ್ನ ಕಿವಿಯಲ್ಲಿ ಬೈಯುತ್ತಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದರೆ ಇಂಜಿನಿಯರ್ ಸಾಹೇಬರು ಬೈಯುತ್ತಿದ್ದರು. ಹೀಗಾಗಿ ‘ನಿಮ್ಮ ಮನೆ ಹಾಳಾಗ’ ಎನ್ನುವುದು ನನ್ನ ರಿಜಿಸ್ಟರಿನಲ್ಲಿ ‘ಗ್ರಾಹಕರು ತುಸು ಬೇಸರಗೊಂಡಿದ್ದಾರೆ’ ಎಂದಾಗುತ್ತಿತ್ತು. ಸಾಹೇಬರ ‘ಕಾಯ್ಲಿ ಬಿಡ್ರೀ, ಸಾಯ್ತಾರಾ?’ ಎನ್ನುವುದು ಫೋನಿನಲ್ಲಿ ‘ದಯವಿಟ್ಟು ಸಹಕರಿಸಿ’ ಎಂದಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ ಎರಡು ಸಲ ‘ಉತ್ತಮ ಸಿಬ್ಬಂದಿ’ ಎಂದು ಗೋಡೆಯ ಮೇಲೆ ನನ್ನ ಫೋಟೋ ಹಾಕಿದ್ದರು.

ಗಡಿಯಾರ ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಆ ಕಚೇರಿಯ ಕಿಟಕಿಯಲ್ಲೇ. ಗಡಿಯಾರ ರಿಪೇರಿಯ ತಮ್ಮ ಅಂಗಡಿಯ ಮುಂದೆ ಪೈಪು ಒಡೆದಿದೆ ಎಂದು ಚೀಟಿ ಬರೆದು ತಂದಿದ್ದರು. ತನಗೆ ಕಿವಿ ಕೇಳುವುದಿಲ್ಲ ಎಂದೂ ಅದರಲ್ಲೇ ಬರೆದಿತ್ತು. ನಾನು ಅಷ್ಟನ್ನೂ ಓದಿ, ಕೆಳಗೆ ‘ದೂರುಗಳನ್ನು ಫೋನಿನಲ್ಲಿ ಮಾತ್ರ ತೆಗೆದುಕೊಳ್ಳುತ್ತೇವೆ, ದಯವಿಟ್ಟು ಫೋನ್ ಮಾಡಿ’ ಎಂದು ಬರೆದುಕೊಟ್ಟೆ. ಹನ್ನೊಂದು ವರ್ಷದ ಬುದ್ಧಿವಂತಿಕೆ, ನೋಡು. ಅವರು ಸಿಟ್ಟಾಗಲಿಲ್ಲ. ಚೀಟಿ ತಿರುಗಿಸಿ ‘ಆಗಲಿ, ನೀವೇ ಮಾಡಿ, ನಾನು ಎತ್ತುತ್ತೇನೆ’ ಎಂದು ಬರೆದು ಭುಜ ಕುಣಿಸಿ ನಕ್ಕರು. ಮರುವರ್ಷ ನನ್ನ ಕುರ್ಚಿಗೆ ಮೆಷಿನ್ನಿನ ಧ್ವನಿ ಬಂತು, ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವಂಥದ್ದು. ನಾನು ಮನೆಗೆ ಬಂದೆ. ಶಾಲೆಗಳಿಗೆ ಸನ್ನೆ ಭಾಷೆಯ ದುಭಾಷಿಗಳನ್ನು ತಯಾರು ಮಾಡುತ್ತಾರಂತೆ, ಕಲಿಸುವವರು ಅದೇ ಗಡಿಯಾರದವರಂತೆ ಎಂದು ತಿಳಿದಾಗ ಹೋಗಿ ಹೆಸರು ಬರೆಸಿದೆ. ಸುದ್ದಿ ಕೇಳಿ ನನ್ನ ಅಮ್ಮ, ‘ಬಾಯಿ ಮುಚ್ಕೊಂಡು ಮಾಡೋ ಕೆಲಸಕ್ಕೆ ನಿನ್ನನ್ನ ಯಾರೇ ತಗೊಂಡ್ರು?’ ಅಂದಳು.

ಮೊದಲ ದಿನ ಮೇಷ್ಟ್ರು ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, ನಿಮ್ಮ ನಿಮ್ಮ ಧ್ವನಿ ಕಿತ್ತು ಇದರಲ್ಲಿ ಹಾಕಿ ಒಳಗೆ ಬನ್ನಿ ಎಂದು ನಟಿಸಿ ತೋರಿಸಿದರು. ಹದಿನಾಲ್ಕು ಜನ ದೊಡ್ಡವರು ಗಂಟಲಿನಿಂದ ಏನನ್ನೋ ಎಳೆದು ಡಬ್ಬಿಗೆ ಹಾಕಿದೆವು. ಸಂಜೆ ಹೋಗುವಾಗ ವಾಪಸ್ಸು ತೆಗೆದುಕೊಳ್ಳುವುದು. ನಾನು ಮಾತ್ರ ದಿನಾ ಎಲ್ಲರಿಗಿಂತ ಮೊದಲು ಡಬ್ಬಿಯ ಹತ್ತಿರ ಓಡುತ್ತಿದ್ದೆ. ಬಳೆ ಬಿಚ್ಚಿದೆ. ಹೂವಿನ ಚಿತ್ತಾರದ ಬಟ್ಟೆಗಳನ್ನೆಲ್ಲ ತಂಗಿಗೆ ಕೊಟ್ಟೆ. ಕೈಗಳು ಎದ್ದು ಕಾಣಬೇಕಾದರೆ ಹಿಂದೆ ಒಂದೇ ಬಣ್ಣ ಇರಬೇಕು. ಹುಬ್ಬು ಏಳದಿದ್ದರೆ ಪ್ರಶ್ನೆ ಪ್ರಶ್ನೆಯೇ ಅಲ್ಲ, ಕೆನ್ನೆ ಉಬ್ಬದಿದ್ದರೆ ಆನೆಯೂ ದೊಡ್ಡದಲ್ಲ ಎಂದು ಕಲಿತೆ. ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಕನ್ನಡಿಯ ಮುಂದೆ ನಿಂತು ಮುಖ ಕಿವುಚಿದ್ದೇ ಕಿವುಚಿದ್ದು. ನಲವತ್ತು ವರ್ಷ ಈ ಮುಖವನ್ನು ಬರೀ ಪೌಡರು ಹಚ್ಚುವುದಕ್ಕೆ ಇಟ್ಟುಕೊಂಡಿದ್ದೆ.

ಅಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟ ನಿಯಮ ಒಂದಿತ್ತು. ಹೇಳಿದ್ದನ್ನು ಹೇಳಿದಷ್ಟೇ ದಾಟಿಸಬೇಕು. ಸೇರಿಸಬಾರದು, ಬಿಡಬಾರದು, ತಿದ್ದಬಾರದು. ಮಗು ‘ನಾನು’ ಎಂದರೆ ದುಭಾಷಿಯ ಬಾಯಲ್ಲೂ ‘ನಾನು’ ಎಂದೇ ಬರಬೇಕು. ಹಿಂದಿನ ಬೆಂಚಿನವನು ತೇಗಿದರೆ ಆ ತೇಗೂ ಮಗುವಿಗೆ ತಲುಪಬೇಕು. ಇದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದೆ, ಪೂರ್ತಿ ಅಂಕ ಬಂತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ಅದು ನನಗೇ ಹೇಳಿದ್ದು.

ತರಬೇತಿಯ ಕೊನೆಯ ಮೂರು ತಿಂಗಳು ಶಾಲೆಯಲ್ಲಿ ನಿಂತು ಕಲಿಯಬೇಕು. ನನ್ನನ್ನು ಕಳಿಸಿದ್ದು ನಿನ್ನ ಆರನೇ ತರಗತಿಗೆ. ನೀನು ಐದರವರೆಗೆ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿದ್ದವಳು. ಅಲ್ಲಿ ಐದರ ಮೇಲೆ ಇಲ್ಲ. ಮುಂದೆ ಓದಬೇಕೆಂದರೆ ಒಂದು ಹಗಲು ರೈಲಿನಲ್ಲಿ ಕೂತು ಹೋಗಬೇಕಾದ ದೂರದ ಹಾಸ್ಟೆಲ್ಲು, ಇಲ್ಲವೇ ಮನೆಯ ಹತ್ತಿರದ ಈ ಶಾಲೆ. ಅಮ್ಮನನ್ನು ಬಿಟ್ಟು ಹೋಗಲಾರೆ ಎಂದು ನೀನು ಇದನ್ನೇ ಹಟ ಹಿಡಿದು ಆರಿಸಿಕೊಂಡೆ. ಕಿವಿ ಕೇಳದ ಮಗುವನ್ನು ಈ ಶಾಲೆ ಅಲ್ಲಿಯವರೆಗೆ ಸೇರಿಸಿಕೊಂಡಿರಲಿಲ್ಲ. ‘ಮೊದಲ ಪರೀಕ್ಷೆಯ ತನಕ ನೋಡೋಣ’ ಎಂದು ಹೆಡ್‌ಮಿಸ್ ಒಪ್ಪಿದ್ದರು. ನಿನ್ನ ಹೆಸರಿನ ಸನ್ನೆಯನ್ನು ನೀನೇ ತೋರಿಸಿದೆ: ತೋರುಬೆರಳಿನಿಂದ ಎಡ ಹುಬ್ಬನ್ನು ಮೇಲೆತ್ತುವುದು. ಯಾರು ಏನು ಹೇಳಿದರೂ ಒಂದು ಹುಬ್ಬು ಎತ್ತಿ ‘ಹೌದಾ?’ ಎನ್ನುವವಳೆಂದು ಹಳೆಯ ಶಾಲೆಯ ಗೆಳತಿಯರು ಇಟ್ಟ ಹೆಸರಂತೆ. ಹಾಜರಿ ಪುಸ್ತಕದ ಹೆಸರಿಗಿಂತ ಅದೇ ನಿನಗೆ ಸರಿಯಾಗಿ ಹೊಂದುತ್ತದೆ.

ಭಿನ್ನರಾಶಿಯ ಪಾಠ ಬಂದಾಗ ಅಂಶಕ್ಕೂ ಛೇದಕ್ಕೂ ನಮ್ಮಿಬ್ಬರ ಹತ್ತಿರ ಸನ್ನೆ ಇರಲಿಲ್ಲ. ಊಟದ ಬಿಡುವಿನಲ್ಲಿ ನೀನೇ ಕಟ್ಟಿದೆ. ಎಡಗೈಯನ್ನು ಅಡ್ಡಗೆರೆಯ ಹಾಗೆ ಮಲಗಿಸಿದರೆ ಅದರ ಮೇಲೆ ಕೂತದ್ದು ಅಂಶ, ಕೆಳಗೆ ಬಾವಲಿಯಂತೆ ಜೋತುಬಿದ್ದದ್ದು ಛೇದ. ಆಮೇಲೆ ಲೆಕ್ಕದ ಮೇಷ್ಟ್ರು ‘ಛೇದ’ ಎಂದಾಗಲೆಲ್ಲ ಆ ಬಾವಲಿಯನ್ನು ತೂಗಾಡಿಸಿ ನನ್ನನ್ನು ನಗಿಸಲು ನೋಡುತ್ತಿದ್ದೆ. ಎರಡು ಸಲ ನಗಿಸಿದ್ದೀಯ ಕೂಡ. ಮೇಷ್ಟ್ರು ನನ್ನನ್ನೇ ದುರುಗುಟ್ಟಿ ನೋಡಿದರು.

ಅದಕ್ಕೆ ತುಸು ಮುಂಚೆ, ನಾನು ಬಂದ ಎರಡನೇ ವಾರ, ವಿಜ್ಞಾನದ ಪಿರಿಯಡ್ಡಿನಲ್ಲಿ ತಿಮಿಂಗಿಲ ಮೀನೋ ಅಲ್ಲವೋ ಎಂದು ಟೀಚರ್ ಕೇಳಿದ್ದು ನಿನಗೆ ನೆನಪಿರಬೇಕು. ನೀನು ಕೈ ಎತ್ತಿ ‘ಮೀನು’ ಎಂದೆ. ನಾನು ‘ಮೀನು’ ಎಂದು ಗಟ್ಟಿಯಾಗಿ ಹೇಳಿದೆ. ತರಗತಿ ಗೊಳ್ಳೆಂದಿತು. ಅರ್ಧ ಜನ ನಕ್ಕದ್ದು ಉತ್ತರಕ್ಕೆ, ಇನ್ನರ್ಧ ಹನ್ನೊಂದು ವರ್ಷದ ಹುಡುಗಿಯ ಮಾತು ನನ್ನ ಈ ಒಡಕು ಧ್ವನಿಯಲ್ಲಿ ಬಂದದ್ದಕ್ಕೆ. ನಿನಗೆ ಕಂಡದ್ದು ತೆರೆದ ಬಾಯಿಗಳು ಮಾತ್ರ. ಏನಾಯಿತು ಎಂದು ನನ್ನನ್ನು ನೋಡಿದೆ. ‘ಎಲ್ಲರೂ ನಗುತ್ತಿದ್ದಾರೆ’ ಎಂದು ನಾನು ಸನ್ನೆಯಲ್ಲಿ ಹೇಳಬೇಕಾಯಿತು. ನೀನು ಕೈ ಇಳಿಸಿ ಡೆಸ್ಕಿನ ಕೆಳಗೆ ಇಟ್ಟುಕೊಂಡೆ. ನಾಲ್ಕು ದಿನ ಆ ಕೈ ಮೇಲೆ ಬರಲಿಲ್ಲ. ಆ ನಾಲ್ಕು ದಿನ ನನಗೆ ಮನೆಯಲ್ಲಿ ಊಟ ಸೇರಲಿಲ್ಲ.

ಐದನೇ ದಿನ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಬರೆದರು. ನೀನು ಕೈ ಎತ್ತಿದೆ. ನನ್ನ ಜೀವ ಹಿಗ್ಗಿತು. ನೀನು ಹೇಳಿದ್ದು ‘ಎರಡು ಬೈ ಐದು’. ಅದು ತಪ್ಪು. ಹಿಂದಿನ ಬೆಂಚಿನವರ ಬಾಯಿ ಆಗಲೇ ಅಗಲವಾಗುತ್ತಿತ್ತು. ನನ್ನ ಬಾಯಿಂದ ‘ಐದು ಬೈ ಆರು’ ಎಂದು ಬಂತು. ನಾಲಿಗೆ ತಾನಾಗಿ ಹೊರಳಿದ್ದಲ್ಲ, ನಾನೇ ಹೊರಳಿಸಿದ್ದು. ಮೇಷ್ಟ್ರು ‘ಶಭಾಷ್’ ಎಂದರು. ಆ ಶಭಾಷನ್ನು ನಿನಗೆ ಎರಡು ಕೈಯಲ್ಲಿ ಕೊಟ್ಟೆ. ನೀನು ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕೂತ ರೀತಿ ನೋಡಿ, ಒಂದೇ ಒಂದು ಸಲ, ಪರವಾಗಿಲ್ಲ ಎಂದುಕೊಂಡೆ.

ಒಂದು ಸಲ ಎನ್ನುವುದು ಎಲ್ಲಿ ನಿಲ್ಲುತ್ತದೆ? ದೂರಿನ ರಿಜಿಸ್ಟರು ನನ್ನ ನಾಲಿಗೆಯಲ್ಲೇ ಇತ್ತು. ನೀನು ದಿನಾ ಕೈ ಎತ್ತಿದೆ. ನಾನು ಸರಿ ಇದ್ದದ್ದನ್ನು ಹಾಗೇ ಹೇಳಿದೆ, ತಪ್ಪಿದ್ದದ್ದನ್ನು ತಿದ್ದಿ ಹೇಳಿದೆ. ಸ್ಟಾಫ್ ರೂಮಿನಲ್ಲಿ ‘ಆ ಹುಡುಗಿ ಚುರುಕು ಕಣ್ರೀ’ ಎಂದು ಮಾತಾಡಿಕೊಂಡರೆ ನಾನೇ ಹೆತ್ತವಳ ಹಾಗೆ ಬೀಗುತ್ತಿದ್ದೆ. ಎರಡು ಬೈ ಐದೇ ಸರಿ ಎಂದು ನಂಬಿಕೊಂಡು ನೀನು ಸಂಜೆ ಮನೆಗೆ ಹೋಗುತ್ತಿದ್ದೀಯ ಎನ್ನುವುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಉಳಿದ ಮಕ್ಕಳಿಗೆ ಅವರವರ ತಪ್ಪು ಅಲ್ಲೇ ಸಿಗುತ್ತಿತ್ತು, ಮೇಷ್ಟ್ರು ಅಲ್ಲೇ ತಿದ್ದುತ್ತಿದ್ದರು. ನಿನ್ನ ತಪ್ಪುಗಳನ್ನು ಮಾತ್ರ ನಾನು ದಾರಿಯಲ್ಲೇ ಕದಿಯುತ್ತಿದ್ದೆ.

ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಏಳು ಬಂತು. ಮೇಷ್ಟ್ರು ನಿನ್ನನ್ನು ಮೇಜಿನ ಹತ್ತಿರ ಕರೆದು, ‘ಬಾಯಲ್ಲಿ ಎಲ್ಲ ಸರಿ ಹೇಳ್ತೀಯ, ಬರೆಯುವಾಗ ಏನಾಗುತ್ತೆ ನಿಂಗೆ?’ ಎಂದರು. ‘ನಾನು ಹೇಳಿದ್ದನ್ನೇ ಬರೆದಿದ್ದೇನೆ’ ಎಂದೆ ನೀನು. ಅದನ್ನು ನಾನು ಹಾಗೇ ಹೇಳಿದೆ. ‘ಇಲ್ಲಮ್ಮ, ಅವತ್ತು ನೀನು ಐದು ಬೈ ಆರು ಅಂದೆ, ನಂಗೆ ಚೆನ್ನಾಗಿ ನೆನಪಿದೆ. ಇಲ್ಲಿ ಎರಡು ಬೈ ಐದು ಬರೆದಿದೀಯ’ ಎಂದರು ಅವರು. ಅದನ್ನೂ ತಿದ್ದಿಬಿಡಬಹುದಿತ್ತು. ಸುಳ್ಳು ಹೇಳುವುದಿಲ್ಲ, ಕೈ ಅರ್ಧದಲ್ಲಿ ನಿಂತಿತ್ತು. ಆದರೆ ಇದ್ದದ್ದನ್ನೇ ನಿನಗೆ ಹೇಳಿದೆ: ‘ಅವತ್ತು ನೀನು ಐದು ಬೈ ಆರು ಅಂದೆ.’ ನಿನ್ನ ಹುಬ್ಬು ಏರಿತು. ಮೇಷ್ಟ್ರನ್ನು ಬಿಟ್ಟು ನನ್ನನ್ನು ನೋಡಿದೆ. ‘ಹೆಡ್‌ಮಿಸ್ ಹತ್ರ ಮಾತಾಡ್ತೀನಿ, ಈ ಸ್ಕೂಲು ಇವಳಿಗೆ ಭಾರ ಆಗ್ತಿದೆ ಅನ್ಸುತ್ತೆ. ಶುಕ್ರವಾರ ಇವಳ ಅಮ್ಮನ್ನೂ ಕರೆಸೋಣ’ ಎಂದು ಮೇಷ್ಟ್ರು ಪೇಪರ್ ಮಡಿಸಿದರು. ಅದನ್ನೂ ನಾನೇ ನಿನಗೆ ಹೇಳಬೇಕಾಯಿತು.

ಅವತ್ತು ಶಾಲೆ ಬಿಟ್ಟ ಕೂಡಲೇ ಗಡಿಯಾರ ಮೇಷ್ಟ್ರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಕಣ್ಣಿನ ಭೂತಗನ್ನಡಿ ತೆಗೆದಿಟ್ಟು, ಕೊನೆಯವರೆಗೆ ನೋಡಿ, ಎಷ್ಟು ಸಲ ಎಂದು ಕೇಳಿದರು. ಹತ್ತಕ್ಕಿಂತ ಹೆಚ್ಚು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ತಮ್ಮ ತಾಯಿಯ ಕತೆ ಹೇಳಿದರು. ಚಿಕ್ಕವರಿದ್ದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಇವರ ಪರವಾಗಿ ತಾಯಿಯೇ ಎಲ್ಲ ಮಾತಾಡುತ್ತಿದ್ದರಂತೆ. ಇವರು ಮೊಣಕಾಲು ತೋರಿಸಿದರೆ ತಾಯಿ ಹೊಟ್ಟೆಯ ಕತೆ ಹೇಳುತ್ತಿದ್ದರಂತೆ. ‘ಅಮ್ಮನಿಗೆ ನನ್ನ ಮೇಲೆ ಪ್ರಾಣ. ಹೊಟ್ಟೆಗೆ ಎಷ್ಟು ಔಷಧಿ ಕುಡಿದೆನೋ! ಮೊಣಕಾಲು ಇವತ್ತಿಗೂ ನೋಯುತ್ತದೆ’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಶುಕ್ರವಾರ ಹೆಡ್‌ಮಿಸ್ ಮುಂದೆ ನೀನೇ ಹೇಳು’ ಎಂದರು. ‘ಹೇಳಿದರೂ ಹೇಳದಿದ್ದರೂ ನಿನ್ನ ಈ ದಿನಗಳು ತರಬೇತಿಯ ಲೆಕ್ಕಕ್ಕಿಲ್ಲ, ಮೂರು ತಿಂಗಳು ಮತ್ತೆ ಮೊದಲಿನಿಂದ’ ಎಂದೂ ಸೇರಿಸಿದರು.

ಶುಕ್ರವಾರ ನಡೆದದ್ದು ನಿನಗೆ ಗೊತ್ತು. ಆದರೆ ಆ ಕೋಣೆ ನನಗೆ ಹೇಗೆ ಕಂಡಿತು ಎನ್ನುವುದು ಗೊತ್ತಿಲ್ಲ. ನಿನ್ನ ಅಮ್ಮ ಬೇಕರಿಯ ಕೆಲಸದ ನಡುವೆಯೇ, ಮುಂಗೈಗೆ ಹಿಟ್ಟು ಮೆತ್ತಿದ್ದ ಹಾಗೇ ಬಂದಿದ್ದರು. ಲೆಕ್ಕದ ಮೇಷ್ಟ್ರು ‘ಹಾಸ್ಟೆಲ್ಲೇ ಇವಳಿಗೆ ಒಳ್ಳೇದು’ ಎಂದರು. ನಾನು ಅದನ್ನು ನಿನಗೆ ದಾಟಿಸಿ, ಒಂದು ಹೆಜ್ಜೆ ಮುಂದೆ ಬಂದು, ಎದೆ ಮುಟ್ಟಿಕೊಂಡು ‘ಇದು ನನ್ನ ಮಾತು, ಅವಳದ್ದಲ್ಲ’ ಎಂದೆ. ದುಭಾಷಿ ತನ್ನ ಮಾತು ಆಡಬೇಕಾದರೆ ಹಾಗೆ ಹೇಳಿಯೇ ಆಡಬೇಕು. ಮೊದಲು ನಿ‌ನಗೆ ಪೂರ್ತಿ ಸನ್ನೆಯಲ್ಲಿ ಹೇಳಿದೆ, ಆಮೇಲೆ ಅವರಿಗೆ ಬಾಯಲ್ಲಿ. ‘ಅಂದ್ರೆ ನನ್ನ ಮಗಳು ದಡ್ಡಿ ಅಲ್ಲ, ನೀವು ಅವಳನ್ನ ದಡ್ಡಿ ಮಾಡಿದ್ರಿ’ ಎಂದರು ನಿನ್ನ ಅಮ್ಮ. ಅದನ್ನೂ ಒಂದಕ್ಷರ ಬಿಡದೆ ನಿನಗೆ ಹೇಳಿದೆ. ಅವರು ಹೇಳಿದ್ದು ನಿಜವಾಗಿತ್ತು.

ಲೆಕ್ಕದ ಮೇಷ್ಟ್ರ ಮುಖ ಕೆಂಪಾಯಿತು. ನನಗೆ ಏನೋ ಅನ್ನಲು ಹೊರಟವರು ತಡೆದುಕೊಂಡು, ಅದೇ ಲೆಕ್ಕವನ್ನು ನಿನಗೆ ಮತ್ತೆ ಕೊಟ್ಟರು. ನೀನು ‘ಎರಡು ಬೈ ಐದು’ ಎಂದೆ. ನಾನು ‘ಎರಡು ಬೈ ಐದು’ ಎಂದೆ. ಹೇಗೆ ಬಂತು ಎಂದು ಕೇಳಿದರು. ನೀನು ‘ಮೇಲಿನದಕ್ಕೆ ಮೇಲಿನದು, ಬಾವಲಿಗೆ ಬಾವಲಿ ಕೂಡಿಸಿದೆ’ ಎಂದೆ. ನಾನು ಬಾವಲಿಯನ್ನೂ ಬಿಡದೆ ಹೇಳಿದೆ, ಹೆಡ್‌ಮಿಸ್ ಕಣ್ಣು ಕಣ್ಣು ಬಿಟ್ಟರು. ‘ಇದು ಕ್ಲಾಸಲ್ಲಿ ಅರ್ಧ ಜನ ಮಾಡೋ ತಪ್ಪು’ ಎಂದ ಮೇಷ್ಟ್ರು ಒಂದು ಹಾಳೆ ಮಡಿಸಿ, ‘ಇದು ಅರ್ಧ. ಇದಕ್ಕೆ ಇನ್ನೂ ಸ್ವಲ್ಪ ಸೇರಿಸ್ತೀನಿ. ಅರ್ಧಕ್ಕಿಂತ ಜಾಸ್ತಿ ಆಗ್ಬೇಕೋ, ಕಮ್ಮಿಯೋ?’ ಎಂದರು. ಜಾಸ್ತಿ ಎಂದೆ ನೀನು. ‘ಎರಡು ಬೈ ಐದು ಅರ್ಧಕ್ಕಿಂತ ಜಾಸ್ತಿಯೋ, ಕಮ್ಮಿಯೋ?’ ನೀನು ಹಾಳೆ ನೋಡಿದೆ, ನಿನ್ನ ಐದು ಬೆರಳು ನೋಡಿಕೊಂಡೆ, ಅದರಲ್ಲಿ ಎರಡು ಮಡಿಸಿದೆ. ನಿನ್ನ ಹುಬ್ಬು ನಿನ್ನ ಉತ್ತರದ ಮೇಲೆಯೇ ಏರಿತು. ಆಗ ನಿನ್ನ ಮುಖದಲ್ಲಿ ಬಂದ ಬೆಳಕು ನನ್ನ ಯಾವ ಸುಳ್ಳು ಶಭಾಷಿಗೂ ಬಂದಿರಲಿಲ್ಲ. ಮೇಷ್ಟ್ರು ಹೆಡ್‌ಮಿಸ್ ಕಡೆ ತಿರುಗಿ, ‘ಇಲ್ಲೇ ಇರ್ಲಿ ಮೇಡಂ. ಇಷ್ಟು ದಿನ ನಾನು ಇವಳಿಗೆ ಪಾಠಾನೇ ಮಾಡಿಲ್ಲ’ ಎಂದರು.

ಹೀಗೆ ನಿನ್ನ ಜಾಗ ಉಳಿಯಿತು. ನನ್ನ ವಿಷಯ ಬಂದಾಗ ಹೆಡ್‌ಮಿಸ್ ನಿನ್ನನ್ನೇ ಕೇಳಿದರು. ನೀನು ‘ಸೋಮವಾರ ಹೇಳುತ್ತೇನೆ’ ಎಂದೆ. ಜೊತೆಗೆ, ‘ನನ್ನ ಉತ್ತರವನ್ನು ಇವರೇ ಹೇಳಬೇಕು, ಬೇರೆಯವರು ಬೇಡ’ ಎಂದು ಷರತ್ತು ಹಾಕಿದೆ. ಗಡಿಯಾರ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರ ಭುಜ ಕುಣಿದದ್ದು ನಿಲ್ಲಲೇ ಇಲ್ಲ. ‘ಇಷ್ಟು ವರ್ಷದಲ್ಲಿ ನಾನು ಇಂಥ ಪರೀಕ್ಷೆ ಒಂದೂ ಇಟ್ಟಿಲ್ಲ’ ಎಂದರು.

ಇನ್ನು ನಿನ್ನ ‘ಯಾಕೆ’ಗೆ ಬರುತ್ತೇನೆ. ನಿನ್ನ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಅದೂ ರಿಜಿಸ್ಟರಿನ ಭಾಷೆಯಾದೀತು. ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮಾಡಿಸಿದ್ದು ಹೆದರಿಕೆ. ಆ ನಗು ನಿನಗಿಂತ ಹೆಚ್ಚು ನನಗೆ ಚುಚ್ಚಿತ್ತು. ನೀನು ತಾಳಿಕೊಳ್ಳುತ್ತೀಯೋ ಇಲ್ಲವೋ ಎಂದು ನಿನ್ನನ್ನು ಕೇಳದೆ, ತಾಳಲಾರೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಹೊಟ್ಟೆಗೆ ಹಾಕಿಕೋ ಎಂದು ಒತ್ತಾಯಿಸುವುದಿಲ್ಲ.

ನೀನು ಎಷ್ಟು ತಾಳುತ್ತೀಯ ಎಂದು ಇವತ್ತು ಬೆಳಿಗ್ಗೆ ನೋಡಿದೆನಲ್ಲ. ಜೇಡ ಕೀಟವೋ ಎಂದು ವಿಜ್ಞಾನದ ಟೀಚರ್ ಕೇಳಿದರು. ನೀನು ಕೈ ಎತ್ತಿ ‘ಕೀಟ’ ಎಂದೆ. ತಪ್ಪು ಎಂದು ನನಗೆ ಗೊತ್ತಿತ್ತು, ಆದರೂ ‘ಕೀಟ’ ಎಂದೇ ಹೇಳಿದೆ. ನಕ್ಕರು. ನಗುತ್ತಿದ್ದಾರೆ ಎಂದು ತಿಳಿಸಿದೆ. ನೀನು ಕೈ ಇಳಿಸಲಿಲ್ಲ. ಹಿಂದಕ್ಕೆ ತಿರುಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನ ಕಡೆ ಹುಬ್ಬು ಎತ್ತಿ, ‘ಹಾಗಾದರೆ ಏನು? ನೀನೇ ಹೇಳು’ ಎಂದೆ. ನನ್ನ ಒಡಕು ಧ್ವನಿಯಲ್ಲಿ ಅಷ್ಟೇ ಗತ್ತಿನಿಂದ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಟೀಚರ್ ಕಾಲು ಎಣಿಸಿ ಎಂದು ಜೇಡದ ಚಿತ್ರ ಬರೆದರು, ಇಡೀ ತರಗತಿ ಎಂಟು ಎಣಿಸಿತು, ನೀನೂ ಎಣಿಸಿದೆ. ಈ ಕೆಲಸ ನನಗೆ ಇಷ್ಟ ಎಂದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅನ್ನಿಸಿರಲಿಲ್ಲ. ನಿನ್ನ ಜೊತೆಯೇ ಸಿಕ್ಕರೆ ಸಂತೋಷ, ಸಿಗದಿದ್ದರೆ ಗಡಿಯಾರ ಮೇಷ್ಟ್ರು ಬೇರೆ ಶಾಲೆಗೆ ಕಳಿಸುತ್ತಾರೆ. ಅಲ್ಲಿಯೂ ಒಂದು ಮಗು ಕೈ ಎತ್ತುತ್ತದೆ.

ಸೋಮವಾರ ನೀನು ‘ಬೇಕು’ ಎನ್ನುತ್ತೀಯೋ ‘ಬೇಡ’ ಎನ್ನುತ್ತೀಯೋ, ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ. ಓದುವ ಹೊತ್ತಿಗೆ ನಿನಗೆ ಗೊತ್ತು. ಈಗ ಒಂದು ಕೆಲಸ ಮಾಡು. ನಿನ್ನ ಅಮ್ಮನ ಹತ್ತಿರ ಹೋಗಿ, ಆ ಕೋಣೆಯಲ್ಲಿ ನನ್ನ ಬಾಯಿಂದ ಅವರಿಗೆ ಏನು ಕೇಳಿಸಿತು ಎಂದು ಒಂದು ಹಾಳೆಯಲ್ಲಿ ಬರೆಸಿಕೋ. ನೀನು ಹೇಳಿದ್ದೂ ಅವರು ಬರೆದದ್ದೂ ಒಂದೇ ಆಗಿದ್ದರೆ, ಅದು ‘ನನಗೆ ಇವರು ಬೇಡ’ ಎಂದೇ ಇರಲಿ, ನಿನ್ನ ಅಕ್ಕ ಪಾಸಾದಳು ಎಂದು ತಿಳಿ.

ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ, ಎತ್ತಿದ ಕೈ ಇಳಿಸದೆ ಬೆಳೆ. ನಿನಗೆ ಒಳ್ಳೆಯದಾಗಲಿ, ಕಂದ.

ನಿನ್ನ ಮಾತನ್ನು ನಿನ್ನ ಮಾತಾಗಿಯೇ ಹೇಳಲು ಕಲಿಯುತ್ತಿರುವ,
ಅಕ್ಕ